ಕಲ್ಲುಗಣಿಯಿಂದ ಲೇಸರ್‌ವರೆಗೆ: ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಆರು ದಿನ

ಸಲಮಾಂಕಾ ವಿಶ್ವವಿದ್ಯಾಲಯಕ್ಕೆ ಸುತ್ತುಗೋಡೆ ಇಲ್ಲ. ಇಲ್ಲಿಂದ ಶುರು, ಇಲ್ಲಿಗೆ ಮುಗಿಯಿತು ಎಂದು ತೋರಿಸುವ ಒಂದು ಗೇಟೂ ಇಲ್ಲ. 1218ರಲ್ಲಿ ಲಿಯೋನ್ ರಾಜ್ಯದ ದೊರೆ ಒಂಬತ್ತನೇ ಅಲ್ಫಾನ್ಸೊ ಸ್ಥಾಪಿಸಿದ ಈ ವಿದ್ಯಾಲಯ, ಸ್ಪೇನಿನಲ್ಲಿ ಇಂದಿಗೂ ಪಾಠ ನಡೆಯುತ್ತಿರುವ ವಿಶ್ವವಿದ್ಯಾಲಯಗಳಲ್ಲೆಲ್ಲ ಹಳೆಯದು. ಎಂಟು ಶತಮಾನಗಳಲ್ಲಿ ಅದು ಊರಿನೊಳಗೆ ಬೇರು ಬಿಟ್ಟಂತೆ ಹರಡಿದೆ. ಹಳೇ ಪೇಟೆಯಲ್ಲಿ ಒಂದಷ್ಟು, ಪಶ್ಚಿಮದ ಉನಮುನೊ ಕ್ಯಾಂಪಸ್ಸಿನಲ್ಲಿ ಬಹುಪಾಲು, ಪಕ್ಕದ ವಿಯಾಮಯೋರ್ ಹಳ್ಳಿಯಲ್ಲಿ ಸಂಶೋಧನಾ ಕೇಂದ್ರಗಳು, ಆಚೆ ಬೇಹಾರ್, ಸಮೋರಾ, ಆವಿಲಾ ಊರುಗಳಲ್ಲಿ ಎಂಜಿನಿಯರಿಂಗ್ ಶಾಲೆಗಳು. ಬಂದವರಲ್ಲಿ ಹೆಚ್ಚಿನವರು ಹಳೇ ಕಟ್ಟಡದ ಮುಂಭಿತ್ತಿಯಲ್ಲಿ ಕೆತ್ತಿರುವ ಪುಟ್ಟ ಕಪ್ಪೆಯನ್ನು ಹುಡುಕಿ, ಫೋಟೊ ತೆಗೆದು, ಅರ್ಧ ದಿನದಲ್ಲಿ ಮ್ಯಾಡ್ರಿಡ್‌ಗೆ ಮರಳುತ್ತಾರೆ. ಅಷ್ಟಕ್ಕೆ ಕಾಣುವುದು ಒಂದು ಕಟ್ಟಡ ಮಾತ್ರ. ವಿಶ್ವವಿದ್ಯಾಲಯ ಕಾಣಬೇಕಾದರೆ ಆರು ದಿನ ಬೇಕು.

ಆಗಸ್ಟ್ ತಿಂಗಳನ್ನು ಬಿಟ್ಟುಬಿಡಿ. ಆಗ ವಿಭಾಗಗಳು ಬಾಗಿಲು ಹಾಕಿರುತ್ತವೆ, ಬಿಸಿಲೂ ವಿಪರೀತ. ಊರು ಸುಮಾರು 800 ಮೀಟರ್ ಎತ್ತರದ ಬಯಲಿನಲ್ಲಿರುವುದರಿಂದ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ. ಏಪ್ರಿಲ್-ಮೇ ಅಥವಾ ಅಕ್ಟೋಬರ್ ಒಳ್ಳೆಯದು. ಪ್ರಯೋಗಾಲಯಗಳನ್ನು ನೋಡಬೇಕೆಂದಿದ್ದರೆ ಒಂದು ತಿಂಗಳು ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆಯಿರಿ. ಬಾಗಿಲಲ್ಲಿ ನಿಂತು ಕೇಳಿದರೆ ಒಳಗೆ ಬಿಡುವುದಿಲ್ಲ. ಇನ್ನೊಂದು ಎಚ್ಚರಿಕೆ: ಇದೇ ಊರಿನಲ್ಲಿ ಪೊಂಟಿಫಿಕಲ್ ವಿಶ್ವವಿದ್ಯಾಲಯ ಎಂಬ ಬೇರೊಂದು ಸಂಸ್ಥೆಯಿದೆ, 1940ರಲ್ಲಿ ಶುರುವಾದದ್ದು, ಚರ್ಚಿನ ಆಡಳಿತದ್ದು. ಕ್ಲೆರೆಸಿಯಾ ಗೋಪುರಗಳಿರುವ ದೊಡ್ಡ ಕಟ್ಟಡ ಅದರದ್ದು. ಟಿಕೆಟ್ ಕೊಳ್ಳುವಾಗಲೂ ಪತ್ರ ಬರೆಯುವಾಗಲೂ ಇವೆರಡನ್ನು ಅದಲುಬದಲು ಮಾಡಿಕೊಳ್ಳುವವರು ಬಹಳ.

ಮೊದಲ ದಿನ: ಮುಂಭಿತ್ತಿ, ಅದರ ಕಲ್ಲು

ಮ್ಯಾಡ್ರಿಡ್‌ನ ಚಮಾರ್ಟಿನ್ ನಿಲ್ದಾಣದಿಂದ ವೇಗದ ರೈಲು ಸುಮಾರು ಒಂದೂ ಮುಕ್ಕಾಲು ಗಂಟೆಯಲ್ಲಿ ಸಲಮಾಂಕಾ ಮುಟ್ಟಿಸುತ್ತದೆ. ಇದು ಸೆಗೋವಿಯಾ ಮೇಲೆ ಹೋಗುವ ರೈಲು, ಆವಿಲಾ ದಾರಿಯಲ್ಲಿ ಸಿಗುವುದಿಲ್ಲ. ಕೊನೆಯ ದಿನಕ್ಕೆ ಇದನ್ನು ನೆನಪಿಟ್ಟುಕೊಳ್ಳಿ.

ಮಧ್ಯಾಹ್ನ ಇಳಿದು ಬ್ಯಾಗು ಇಟ್ಟು, ಸಂಜೆ ಬಿಸಿಲಿಗೆ ಸರಿಯಾಗಿ ಪಾತಿಯೊ ದೆ ಎಸ್ಕ್ವೇಲಾಸ್ ಅಂಗಳಕ್ಕೆ ಬನ್ನಿ. ‘ಹಿರಿಯ ಶಾಲೆಗಳು’ ಎಂದು ಕರೆಯುವ, ವಿಶ್ವವಿದ್ಯಾಲಯದ ಹಳೇ ಮುಖ್ಯ ಕಟ್ಟಡದ ಮುಂಭಿತ್ತಿ ಪಶ್ಚಿಮಕ್ಕೆ ಮುಖಮಾಡಿದೆ. ಬೆಳಿಗ್ಗೆ ನೆರಳಿನಲ್ಲಿರುವ ಕೆತ್ತನೆ ಸಂಜೆ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಒಳಗಿನ ಕಟ್ಟಡ 1411ರಿಂದ ಎದ್ದದ್ದು, ಈ ಮುಂಭಿತ್ತಿ ಅದಕ್ಕೆ ಸುಮಾರು 1529ರಿಂದ 1533ರ ನಡುವೆ ಸೇರಿದ್ದು. ಕೆಳಗಿನಿಂದ ಮೇಲಕ್ಕೆ ಓದಿ. ಎರಡು ಬಾಗಿಲುಗಳ ಮೇಲೆ ಸ್ಪೇನನ್ನು ಆಳಿದ ಇಸಬೆಲ್ಲಾ ಮತ್ತು ಫರ್ನಾಂಡೊ ದಂಪತಿಯ ಪದಕ, ಸುತ್ತ ಗ್ರೀಕ್ ಲಿಪಿಯಲ್ಲಿ ‘ದೊರೆಗಳು ವಿಶ್ವವಿದ್ಯಾಲಯಕ್ಕೆ, ವಿಶ್ವವಿದ್ಯಾಲಯ ದೊರೆಗಳಿಗೆ’ ಎಂಬ ಮಾತು. ಅದರ ಮೇಲಿನ ಸಾಲಿನಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಲಾಂಛನ. ತುದಿಯಲ್ಲಿ ಪೋಪ್, ಅವನ ಎಡಬಲಕ್ಕೆ ವೀನಸ್ ಮತ್ತು ಹರ್ಕ್ಯುಲಿಸ್. ಕಪ್ಪೆ ಬೇಕಾದವರು ಬಲಗಡೆಯ ಕಂಬವನ್ನು ನೋಡಿ. ಅಲ್ಲಿ ಮೂರು ತಲೆಬುರುಡೆಗಳಿವೆ, ಎಡಗಡೆಯದರ ನೆತ್ತಿಯ ಮೇಲೆ ಅದು ಕೂತಿದೆ. ಬರಿಗಣ್ಣಿಗೆ ಕಷ್ಟ, ಚಿಕ್ಕ ದುರ್ಬೀನು ಇದ್ದರೆ ಸಲೀಸು.

ಕಪ್ಪೆಗಿಂತ ಹೆಚ್ಚು ಹೊತ್ತು ನೋಡಬೇಕಾದದ್ದು ಕಲ್ಲನ್ನು. ಇದು ವಿಯಾಮಯೋರ್ ಮರಳುಗಲ್ಲು. ಗಣಿಯಿಂದ ತೆಗೆದಾಗ ಒಳಗೆ ನೀರಿನ ಪಸೆ ತುಂಬಿಕೊಂಡು ಮೆತ್ತಗಿರುತ್ತದೆ, ಉಳಿಗೆ ಸುಲಭವಾಗಿ ಬಾಗುತ್ತದೆ. ಒಣಗುತ್ತ ಗಟ್ಟಿಯಾಗುತ್ತದೆ. ಅದರಲ್ಲಿರುವ ಕಬ್ಬಿಣದ ಅಂಶ ಗಾಳಿಗೆ ಆಕ್ಸೈಡ್ ಆಗಿ ಆ ಹೊಂಬಣ್ಣ ಬರುತ್ತದೆ. ಬೇಲೂರು-ಹಳೇಬೀಡಿನ ಬಳಪದ ಕಲ್ಲನ್ನು ಬಲ್ಲವರಿಗೆ ಮೊದಲ ಅರ್ಧ ಪರಿಚಿತ ಎನಿಸೀತು. ಆದರೆ ಬಳಪದ ಕಲ್ಲು ನೀರು ಹೀರುವುದು ತೀರ ಕಡಿಮೆ, ಇದು ಚೆನ್ನಾಗಿ ಹೀರುತ್ತದೆ. ಇದರೊಳಗಿನ ಜೇಡಿಯ ಕಣಗಳು ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತವೆ. ನೆಲದಿಂದ ಮೇಲೇರುವ ತೇವ ಲವಣವನ್ನೂ ಹೊತ್ತು ತರುತ್ತದೆ. ಲವಣ ಹರಳುಗಟ್ಟಿದಾಗ ಕಲ್ಲಿನ ಮೈ ಹಪ್ಪಳದಂತೆ ಎದ್ದು ಉದುರುತ್ತದೆ. ಇದನ್ನು ಅರಿತೇ ಹಳೆಯ ಮೇಸ್ತ್ರಿಗಳು ಕಟ್ಟಡಗಳ ಬುಡಕ್ಕೆ ಮಾರ್ತಿನಮೋರ್ ಕಡೆಯ ಗ್ರಾನೈಟನ್ನೋ ಬೇರೆ ಗಡಸು ಕಲ್ಲನ್ನೋ ಹಾಕಿ, ಮರಳುಗಲ್ಲನ್ನು ಅದರ ಮೇಲಿನಿಂದ ಶುರುಮಾಡಿದರು. ಊರಿನ ಯಾವುದೇ ಗೋಡೆಯ ಬುಡದ ಒಂದು ಮೀಟರ್ ನೋಡುತ್ತ ನಡೆಯಿರಿ. ಗ್ರಾನೈಟ್ ಇರುವಲ್ಲಿ ಮೇಲಿನ ಕೆತ್ತನೆ ಚೂಪಾಗಿ ಉಳಿದಿದೆ, ಇಲ್ಲದಿರುವಲ್ಲಿ ಸವೆದು ಬೋಳಾಗಿದೆ.

ಎರಡನೇ ದಿನ: ಒಳಗಿನ ಕೋಣೆಗಳು, ಗ್ರಂಥಾಲಯ, ಆಕಾಶ

ಹತ್ತು ಗಂಟೆಗೆ ಬಾಗಿಲು ತೆಗೆಯುವ ಹೊತ್ತಿಗೇ ಒಳಗಿರಿ. ಗುಂಪುಗಳು ಹನ್ನೊಂದರ ಮೇಲೆ ಬರುತ್ತವೆ. ನಡುವಂಗಳದ ಸುತ್ತ ತರಗತಿಗಳು, ಪ್ರತಿಯೊಂದಕ್ಕೂ ಒಬ್ಬ ಗುರುವಿನ ಹೆಸರು. ಫ್ರಾಯ್ ಲೂಯಿಸ್ ದೆ ಲಿಯೋನ್ ತರಗತಿಯಲ್ಲಿ ಬೆಂಚುಗಳೆಂದರೆ ಒರಟಾಗಿ ಕೆತ್ತಿದ ತೊಲೆಗಳು, ಅಷ್ಟೆ. ಒಂದರ ಮೇಲೆ ಕೂತು ಇನ್ನೊಂದರ ಮೇಲೆ ಬರೆಯುತ್ತಿದ್ದರು. ತೊಲೆಗಳ ಮೈಮೇಲೆ ವಿದ್ಯಾರ್ಥಿಗಳ ಗೀಚುಗಳಿವೆ. ಇಲ್ಲಿ ಗುರುವಾಗಿದ್ದ ಲೂಯಿಸ್ ಬೈಬಲ್ಲಿನ ‘ಗೀತಗಳ ಗೀತ’ವನ್ನು ಸ್ಪ್ಯಾನಿಷ್‌ಗೆ ತಂದದ್ದಕ್ಕೆ ಮತ್ತು ಲ್ಯಾಟಿನ್ ಬೈಬಲ್ಲಿನ ಪಾಠವನ್ನು ಪ್ರಶ್ನಿಸಿದ್ದಕ್ಕೆ ಇನ್ಕ್ವಿಸಿಶನ್ ಎಂಬ ಧರ್ಮವಿಚಾರಣೆಯ ನ್ಯಾಯಮಂಡಳಿ ಅವರನ್ನು 1572ರಿಂದ 1576ರವರೆಗೆ ವಯ್ಯಾದೊಲಿದ್‌ನಲ್ಲಿ ಸೆರೆಯಿಟ್ಟಿತು. ಬಿಡುಗಡೆಯಾಗಿ ಬಂದವರು ‘ನಿನ್ನೆ ಹೇಳುತ್ತಿದ್ದೆವಲ್ಲ’ ಎಂದು ಪಾಠ ಮುಂದುವರಿಸಿದರೆಂಬುದು ಊರು ನಂಬಿರುವ ಐತಿಹ್ಯ. ಸೆರೆವಾಸ ಮಾತ್ರ ದಾಖಲೆಯಲ್ಲಿರುವ ಸತ್ಯ.

ಪಕ್ಕದ ಪರನಿನ್ಫೊ ಸಭಾಂಗಣದಲ್ಲಿ 1936ರ ಅಕ್ಟೋಬರ್ 12ರಂದು ಕುಲಪತಿ ಮಿಗೆಲ್ ದೆ ಉನಮುನೊ, ಅಂತರ್ಯುದ್ಧದಲ್ಲಿ ದಂಗೆಯೆದ್ದಿದ್ದ ಫ್ರಾಂಕೊ ಪಕ್ಷದ ಸೇನಾನಿಯ ಎದುರಿಗೇ ದ್ವೇಷದ ಮಾತುಗಳನ್ನು ಖಂಡಿಸಿದರು. ಆ ಭಾಷಣದ ಧ್ವನಿಮುದ್ರಣ ಇಲ್ಲ. ಜನಪ್ರಿಯವಾಗಿರುವ ಪಾಠ ಆಮೇಲೆ ಬರೆದದ್ದು, ಅದನ್ನು ಅಕ್ಷರಶಃ ಉದ್ಧರಿಸದಿರುವುದು ಲೇಸು. ಹುದ್ದೆ ಕಳೆದುಕೊಂಡು ಮನೆಯಲ್ಲೇ ಉಳಿದ ಅವರು ಅದೇ ವರ್ಷದ ಕೊನೆಯ ದಿನ ತೀರಿಕೊಂಡರು. ಕಟ್ಟಡಕ್ಕೆ ಅಂಟಿಕೊಂಡಂತಿರುವ ಕುಲಪತಿಗಳ ಹಳೇ ಮನೆ ಈಗ ಅವರ ವಸ್ತುಸಂಗ್ರಹಾಲಯ.

ಕೆತ್ತನೆಯ ಕಟಕಟೆಯ ಮೆಟ್ಟಿಲು ಹತ್ತಿದರೆ ಗ್ರಂಥಾಲಯ. ಈ ವಿಶ್ವವಿದ್ಯಾಲಯದ ಗ್ರಂಥಾಲಯದ ಬೇರು 1254ರಷ್ಟು ಹಿಂದಕ್ಕೆ ಹೋಗುತ್ತದೆ. ಆ ವರ್ಷ ದೊರೆ ಹತ್ತನೇ ಅಲ್ಫಾನ್ಸೊ ಕೊಟ್ಟ ಸನ್ನದಿನಲ್ಲಿ ಕಾನೂನು, ತರ್ಕ, ವ್ಯಾಕರಣ, ಸಂಗೀತದ ಗುರುಗಳ ಜೊತೆಗೆ ‘ಎಸ್ತಾಸಿಯೊನಾರಿಯೊ’ ಎಂಬ ಹುದ್ದೆಗೂ ಸಂಬಳ ಗೊತ್ತುಮಾಡಲಾಯಿತು. ಅವನ ಕೆಲಸ, ತಪ್ಪಿಲ್ಲದ ಮೂಲಪ್ರತಿಗಳನ್ನು ಇಟ್ಟುಕೊಂಡು, ವಿದ್ಯಾರ್ಥಿಗಳಿಗೆ ನಕಲು ಮಾಡಿಕೊಳ್ಳಲು ಬಾಡಿಗೆಗೆ ಕೊಡುವುದು. ಮೂಲ ತಪ್ಪಿದ್ದರೆ ನೂರು ನಕಲೂ ತಪ್ಪಾಗುತ್ತವೆ, ಆದ್ದರಿಂದ ಸನ್ನದು ಪ್ರತಿಗಳು ಸರಿಯಾಗಿರಬೇಕೆಂದು ಬಾಯಿಬಿಟ್ಟು ಹೇಳುತ್ತದೆ. ಹಳೆಯ ಗ್ರಂಥಾಲಯದ ಕಮಾನುಮಾಡು 1664ರಲ್ಲಿ ಕುಸಿಯಿತು, ಈಗಿರುವ ಕೋಣೆ 1749ರ ಹೊತ್ತಿಗೆ ಎದ್ದದ್ದು. ಒಳಗೆ ಸುಮಾರು 2,800 ಹಸ್ತಪ್ರತಿಗಳೂ, 1501ಕ್ಕಿಂತ ಮೊದಲು ಅಚ್ಚಾದ ಐನೂರಕ್ಕೆ ಹತ್ತಿರ ಪುಸ್ತಕಗಳೂ ಇವೆ. ಭೂಗೋಳದ ಗೋಲಗಳು ಕಪಾಟಿನ ಮುಂದೆಯೇ ಕಾಣುತ್ತವೆ. ಅವನ್ನು 18ನೇ ಶತಮಾನದಲ್ಲಿ ‘ದುಂಡು ಪುಸ್ತಕ’ಗಳೆಂದು ಕರೆದರು. ಪುಸ್ತಕ ಕದ್ದವರಿಗೆ ಧರ್ಮಬಹಿಷ್ಕಾರ ಎಂಬ ಹಳೇ ಫಲಕವೂ ಉಂಟು.

ಪ್ರವಾಸಿಗರಿಗೆ ಗಾಜಿನ ಪೆಟ್ಟಿಗೆಯೊಳಗೆ ನಿಂತು ನೋಡುವುದಕ್ಕಷ್ಟೇ ಅವಕಾಶ. ಗಾಳಿಯ ತೇವ ಏರಿಳಿದರೆ ಚರ್ಮದ ಹಾಳೆಗಳು ಸುಕ್ಕಾಗುತ್ತವೆ, ನೂರಾರು ಜನರ ಉಸಿರು ಆ ಏರಿಳಿತಕ್ಕೆ ಸಾಕು. ಸಂಶೋಧಕರಾಗಿ ಬಂದಿದ್ದರೆ ದಾರಿ ಬೇರೆ. ಮೊದಲು ವಿಶ್ವವಿದ್ಯಾಲಯದ ‘ಗ್ರೆದೋಸ್’ ಡಿಜಿಟಲ್ ಭಂಡಾರದಲ್ಲಿ ಹುಡುಕಿ. ಹಲವು ಹಸ್ತಪ್ರತಿಗಳು ಅಲ್ಲೇ ಸಿಗುತ್ತವೆ, ಹಾಗೆ ಸಿಕ್ಕಿದ್ದನ್ನು ಮೂಲದಲ್ಲಿ ನೋಡಲು ಗಟ್ಟಿ ಕಾರಣ ಕೊಡಬೇಕಾಗುತ್ತದೆ. ಕ್ರಮಸಂಖ್ಯೆಯನ್ನು ಮೊದಲೇ ಬರೆದು ಕಳಿಸಿ, ಪಾಸ್‌ಪೋರ್ಟ್ ತನ್ನಿ, ಪೆನ್ನು ಬಿಟ್ಟು ಪೆನ್ಸಿಲ್ ತನ್ನಿ.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಊರು ಊಟಕ್ಕೆ ಕೂರುತ್ತದೆ. ನಾಲ್ಕರ ಮೇಲೆ ಅಂಗಳದ ಮೂಲೆಯ ‘ಕಿರಿಯ ಶಾಲೆಗಳು’ ಎಂಬ ಕಟ್ಟಡಕ್ಕೆ ಹೋಗಿ. ಅಲ್ಲಿನ ಕತ್ತಲ ಕೋಣೆಯಲ್ಲಿ ‘ಸಲಮಾಂಕಾದ ಆಕಾಶ’ ಇದೆ. ಫರ್ನಾಂಡೊ ಗಯ್ಯೇಗೊ 1480ರ ದಶಕದಲ್ಲಿ ಹಳೇ ಗ್ರಂಥಾಲಯದ ಮಾಡಿಗೆ ಬರೆದ ನಕ್ಷತ್ರಪಟ ಇದು. ಅದರಲ್ಲಿ ಮೂರನೇ ಒಂದು ಭಾಗದಷ್ಟೇ ಉಳಿದಿದೆ. 18ನೇ ಶತಮಾನದ ಚಾಪೆಲ್ ಕೆಲಸದಲ್ಲಿ ಮಿಕ್ಕದ್ದು ನಾಶವಾಗಿ, ಈ ಭಾಗ ಹೊಸ ಮಾಡಿನ ಮೇಲೆ ಯಾರ ಕಣ್ಣಿಗೂ ಬೀಳದೆ ಇತ್ತು. 1950ರ ದಶಕದ ಆರಂಭದಲ್ಲಿ ಬಣ್ಣದ ಪದರವನ್ನು ಗೋಡೆಯಿಂದ ಬಿಡಿಸಿ, ಬಟ್ಟೆಗೆ ಅಂಟಿಸಿ ಇಲ್ಲಿಗೆ ತಂದರು. ಒಳಗೆ ಹೋದ ಕೂಡಲೇ ಏನೂ ಕಾಣದು. ಐದು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಸಿಂಹ, ಕನ್ಯಾ, ತುಲಾ, ವೃಶ್ಚಿಕ, ಧನು ಒಂದೊಂದಾಗಿ ಮೂಡುತ್ತವೆ. ಕುದುರೆಗಳ ರಥದಲ್ಲಿ ಸೂರ್ಯ, ಹದ್ದುಗಳ ರಥದಲ್ಲಿ ಬುಧ, ಅಂಚಿನಲ್ಲಿ ಕೆನ್ನೆಯುಬ್ಬಿಸಿ ಊದುವ ಗಾಳಿದೇವತೆಗಳು. ಇದು ಅಲಂಕಾರಕ್ಕಾಗಿ ಬರೆದದ್ದೆಂದು ನಮಗೆ ಅನಿಸುವುದಿಲ್ಲ. ಖಗೋಳಶಾಸ್ತ್ರದ ಪೀಠವಿದ್ದ ವಿಶ್ವವಿದ್ಯಾಲಯ ಇದು. ಪಂಚಾಂಗ ಸುಧಾರಣೆಯ ಬಗ್ಗೆ 1515 ಮತ್ತು 1578ರಲ್ಲಿ ರೋಮಿಗೆ ವರದಿ ಬರೆದದ್ದು ಇಲ್ಲಿನವರೇ. ನಾವು ಇಂದು ಗೋಡೆಗೆ ತೂಗುಹಾಕುವ 1582ರ ಗ್ರೆಗರಿ ಕ್ಯಾಲೆಂಡರ್ ಆ ಚರ್ಚೆಯ ಫಲ. 1561ರ ನಿಯಮಾವಳಿ ಕೋಪರ್ನಿಕಸ್‌ನನ್ನು ಪಾಠ ಮಾಡಲೂ ಅವಕಾಶ ಕೊಟ್ಟಿತ್ತು.

ಮೂರನೇ ದಿನ: ಪರೀಕ್ಷೆಯ ಕೋಣೆ, ಕೆಂಪು ಬರಹ, ಹಳೇ ಕಾಲೇಜುಗಳು

ಹಳೇ ಕ್ಯಾಥೆಡ್ರಲ್‌ಗೆ ಹೊಸದರೊಳಗಿಂದಲೇ ದಾರಿ. ಅಲ್ಲಿನ ಸಾಂತಾ ಬಾರ್ಬರಾ ಚಾಪೆಲ್ 1344ರಲ್ಲಿ ಬಿಷಪ್ ಹುವಾನ್ ಲುಸೇರೊ ಕಟ್ಟಿಸಿದ್ದು. ನಡುವೆ ಅವರ ಸಮಾಧಿಯ ಮೇಲೆ ಮಲಗಿದ ಕಲ್ಲಿನ ಮೂರ್ತಿ. ಪದವಿ ಪರೀಕ್ಷೆಯ ಹಿಂದಿನ ರಾತ್ರಿ ಅಭ್ಯರ್ಥಿ ಇಲ್ಲಿ ಒಬ್ಬನೇ ಕೂತು, ಮೂರ್ತಿಯ ಪಾದಕ್ಕೆ ತನ್ನ ಪಾದ ತಾಗಿಸಿ ಓದಿಕೊಳ್ಳುತ್ತಿದ್ದ. ಆ ಪಾದಗಳು ಸವೆದಿರುವುದು ಕಣ್ಣಿಗೆ ಕಾಣುತ್ತದೆ. ಗೆದ್ದವನಿಗೆ ಊರಿನ ಗೌರವ, ಸೋತವನು ಗಾಡಿಗಳ ಬಾಗಿಲಿನಿಂದ ಸದ್ದಿಲ್ಲದೆ ಹೊರಗೆ.

ಗೆದ್ದವರ ಗುರುತೇ ಗೋಡೆಗಳ ಮೇಲಿನ ಕೆಂಪು ‘ವೀತೊರ್’ಗಳು. ಜಯ ಎಂಬರ್ಥದ ಪದದ ಅಕ್ಷರಗಳನ್ನೆಲ್ಲ ಒಂದೇ ಚಿಹ್ನೆಯಾಗಿ ಹೆಣೆದು, ಕೆಳಗೆ ಡಾಕ್ಟರೇಟ್ ಪಡೆದವರ ಹೆಸರು ಬರೆಯುತ್ತಾರೆ. ಹಿಂದೆ ಗೂಳಿಯ ರಕ್ತ ಬೆರೆಸುತ್ತಿದ್ದರು, ಈಗ ಕೆಮ್ಮಣ್ಣಿನ ಬಣ್ಣ. ಮಣ್ಣಿನ ಕೆಂಪು ಎಂದರೆ ಕಬ್ಬಿಣದ ಆಕ್ಸೈಡ್, ಬಿಸಿಲಿಗೆ ಮಾಸುವುದಿಲ್ಲ. ಮಾಸುವುದಾದರೆ ಕೆಳಗಿನ ಕಲ್ಲು ಪದರು ಎದ್ದಾಗ ಮಾತ್ರ.

ಕ್ಯಾಥೆಡ್ರಲ್‌ನ ಎದುರಿನ ಅನಾಯಾ ಅರಮನೆ, 1401ರಲ್ಲಿ ಹುಟ್ಟಿದ ಸಾನ್ ಬಾರ್ತೊಲೊಮೆ ಕಾಲೇಜಿನ ನೆಲೆ. ಈಗ ಭಾಷಾವಿಭಾಗ ಅಲ್ಲಿದೆ. ಸ್ಪ್ಯಾನಿಷ್ ಕಲಿಯುತ್ತಿರುವ ಬೆಂಗಳೂರಿನವರಿಗೆ ಈ ವಿಶ್ವವಿದ್ಯಾಲಯದ ಹೆಸರು ‘ಸೀಲೆ’ ಎಂಬ ಸ್ಪ್ಯಾನಿಷ್ ಭಾಷಾಮಟ್ಟದ ಪರೀಕ್ಷೆಯಿಂದ ಗೊತ್ತಿರಬಹುದು. ಅದನ್ನು ನಡೆಸುವ ಸಂಸ್ಥೆಗಳಲ್ಲಿ ಇದೂ ಒಂದು. ವಿದೇಶಿಯರಿಗೆ ಬೇಸಿಗೆ ತರಗತಿಗಳು ಇಲ್ಲಿ 1929ರಿಂದ ನಡೆಯುತ್ತಿವೆ. ಪಶ್ಚಿಮಕ್ಕೆ ನಡೆದರೆ 1519ರಲ್ಲಿ ಶುರುವಾದ ಫೊನ್ಸೇಕಾ ಕಾಲೇಜು, ಅದರ ಕಂಬಸಾಲಿನ ಅಂಗಳ ಊರಿನಲ್ಲೇ ಅತ್ಯಂತ ಪ್ರಶಾಂತವಾದ ಜಾಗ. ಕುವೆಂಕಾ, ಒವಿಯೇದೊ ಎಂಬ ಇನ್ನೆರಡು ದೊಡ್ಡ ಕಾಲೇಜುಗಳನ್ನು ಹುಡುಕಿ ಹೋಗಬೇಡಿ. ನೆಪೋಲಿಯನ್ ಯುದ್ಧದ ಕಾಲದಲ್ಲಿ ಅವು ನಾಶವಾದವು.

ನಾಲ್ಕನೇ ದಿನ: ಉನಮುನೊ ಕ್ಯಾಂಪಸ್

ಅನಾಯಾದಿಂದ ಪಶ್ಚಿಮಕ್ಕೆ ಇಪ್ಪತ್ತು ನಿಮಿಷ ನಡೆದರೆ ಕಾನೂನು, ಅರ್ಥಶಾಸ್ತ್ರ, ವೈದ್ಯಕೀಯ, ಔಷಧಶಾಸ್ತ್ರ, ಜೀವಶಾಸ್ತ್ರ ವಿಭಾಗಗಳು ಒಟ್ಟಿಗೆ ಸಿಗುತ್ತವೆ. ಕಟ್ಟಡಗಳು ಸಾಧಾರಣ, ನೋಡಲು ಬರುವವರಿಲ್ಲ. ಆದರೆ ಇಂದಿನ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ದಿನ ಕಳೆಯುವುದು ಇಲ್ಲೇ. ಕಾನೂನು ಗ್ರಂಥಾಲಯಕ್ಕೆ ಫ್ರಾನ್ಸಿಸ್ಕೊ ದೆ ವಿತೋರಿಯಾ ಹೆಸರು. 1526ರಿಂದ 1546ರವರೆಗೆ ದೇವತಾಶಾಸ್ತ್ರದ ಪೀಠದಲ್ಲಿದ್ದು, ಅಮೆರಿಕದ ಮೂಲನಿವಾಸಿಗಳಿಗೂ ತಮ್ಮ ನೆಲದ ಮೇಲೆ ನ್ಯಾಯವಾದ ಒಡೆತನ ಉಂಟೆಂದು ವಾದಿಸಿದವರು ಅವರು. ನಿಮ್ಮ ಸಂಸ್ಥೆ ವಿಶ್ವವಿದ್ಯಾಲಯಗಳ ಹಂಚಿಕೆಯ ವೈಫೈ ವ್ಯವಸ್ಥೆಯಾದ ‘ಎಜುರೋಮ್’ ಜಾಲದಲ್ಲಿದ್ದರೆ, ನಿಮ್ಮ ಊರಿನಲ್ಲೇ ಲಾಗಿನ್ ಪರೀಕ್ಷಿಸಿ ಬಂದಿದ್ದರೆ, ಇಲ್ಲಿ ವೈಫೈ ತಾನಾಗಿ ಸಿಗುತ್ತದೆ.

ಕ್ಯಾನ್ಸರ್ ಸಂಶೋಧನಾ ಕೇಂದ್ರ ಈ ಕ್ಯಾಂಪಸ್ಸಿನಲ್ಲೇ ಇದೆ, ವಿಶ್ವವಿದ್ಯಾಲಯವೂ ಸ್ಪೇನಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯೂ ಸೇರಿ ನಡೆಸುವಂಥದ್ದು. ನರವಿಜ್ಞಾನ ಸಂಸ್ಥೆಯೂ ಹತ್ತಿರವೇ. ಎಸ್ಪೇಹೊ ಬೀದಿಯ ಸಂಶೋಧನಾ ಕಟ್ಟಡದಲ್ಲಿ ರಾಷ್ಟ್ರೀಯ ಡಿಎನ್‌ಎ ಬ್ಯಾಂಕ್ ಇದೆ. ದಾನಿಗಳ ರಕ್ತದಿಂದ ಡಿಎನ್‌ಎ, ಪ್ಲಾಸ್ಮಾ ಬೇರ್ಪಡಿಸಿ ಶೀತಲೀಕರಿಸಿ ಇಟ್ಟು, ಸಂಶೋಧಕರಿಗೆ ಒದಗಿಸುವುದು ಅದರ ಕೆಲಸ. ಇಂಥ ಬ್ಯಾಂಕುಗಳಲ್ಲಿ ಕೆಲಸ ಕೆಡುವುದು ಸಾಮಾನ್ಯವಾಗಿ ಮೊದಲ ಹೆಜ್ಜೆಯಲ್ಲೇ. ರಕ್ತವನ್ನು, ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಕೊಳವೆಯಲ್ಲಿ ತೆಗೆದುಕೊಳ್ಳಬೇಕು. ಹೆಪಾರಿನ್ ಕೊಳವೆ ಬಳಸಿದರೆ ಆ ಹೆಪಾರಿನ್ ಡಿಎನ್‌ಎ ಜೊತೆಗೇ ಉಳಿದು ಮುಂದೆ ಅದರ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಕ್ರಿಯೆಯನ್ನು ತಡೆಯುತ್ತದೆ. ಹಾಗೆಯೇ ಕರಗಿಸಿ ಮತ್ತೆ ಮತ್ತೆ ಹೆಪ್ಪುಗಟ್ಟಿಸಿದರೆ ಎಳೆಗಳು ತುಂಡಾಗುತ್ತವೆ. ಆದ್ದರಿಂದ ಮೊದಲೇ ಸಣ್ಣ ಸಣ್ಣ ಪಾಲು ಮಾಡಿ ಇಡುತ್ತಾರೆ.

‘ನ್ಯೂಕ್ಲಿಯಸ್’ ಎಂಬ ಹೆಸರಿನಲ್ಲಿ ವಿಶ್ವವಿದ್ಯಾಲಯದ ದೊಡ್ಡ ಉಪಕರಣಗಳೆಲ್ಲ ಹಂಚಿಕೆಯ ಸೇವೆಯಾಗಿವೆ. ಅತಿಥಿ ಸಂಶೋಧಕರು ಹೆಚ್ಚು ಕೇಳುವುದು, ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ರಚನೆ ತಿಳಿಸುವ ಎನ್‌ಎಮ್‌ಆರ್. ಸಾಮಾನ್ಯ ಸಾವಯವ ಅಣುವಿಗೆ 5ರಿಂದ 10 ಮಿಲಿಗ್ರಾಂ ಮಾದರಿಯನ್ನು 0.6 ಮಿಲಿಲೀಟರ್ ಡ್ಯೂಟೀರಿಯಂ ದ್ರಾವಕದಲ್ಲಿ ಕರಗಿಸಿ, 5 ಮಿಲಿಮೀಟರ್ ಕೊಳವೆಗೆ ಹಾಕಿ. ದ್ರಾವಣ ಕಡಿಮೆಯಾದರೆ ಕಾಂತಕ್ಷೇತ್ರ ಸಮ ಮಾಡಲಾಗದು. ಕರಗದ ಕಣವೋ ಕಬ್ಬಿಣದ ಸೋಂಕೋ ಇದ್ದರೆ ಶಿಖರಗಳು ಅಗಲವಾಗಿ ಹರಡಿ ಏನೂ ತಿಳಿಯದು. ಸೋಸಿ ತರುವ ಎರಡು ನಿಮಿಷದ ಕೆಲಸ ಮರೆತು ಸರದಿಯನ್ನು ಕಳೆದುಕೊಳ್ಳಬೇಡಿ.

ಐದನೇ ದಿನ: ವಿಯಾಮಯೋರ್

ನಗರದಿಂದ ವಾಯವ್ಯಕ್ಕೆ ಐದು ಕಿಲೋಮೀಟರ್, ಬಸ್ಸಿದೆ. ಮೊದಲ ದಿನ ನೋಡಿದ ಕಲ್ಲು ಹೊರಟದ್ದು ಇಲ್ಲಿಂದ. ಐದು ಶತಮಾನ ಈ ಹಳ್ಳಿಯಿಂದ ಎತ್ತಿನ ಗಾಡಿಗಳಲ್ಲಿ ವಿಶ್ವವಿದ್ಯಾಲಯ ಸಲಮಾಂಕಾಕ್ಕೆ ಹೋಯಿತು, ಈಗ ಅದರ ವಿಜ್ಞಾನ ಪಾರ್ಕ್ ಇಲ್ಲಿಗೆ ಬಂದಿದೆ.

ಪಲ್ಸ್ ಲೇಸರ್ ಕೇಂದ್ರ ಈ ಪಾರ್ಕಿನಲ್ಲಿದೆ. ಸ್ಪೇನ್ ಸರ್ಕಾರ, ಪ್ರಾಂತೀಯ ಸರ್ಕಾರ, ವಿಶ್ವವಿದ್ಯಾಲಯ ಮೂರೂ ಸೇರಿ 2007ರಲ್ಲಿ ಕಟ್ಟಿದ ಸಂಸ್ಥೆ. ‘ವೇಗಾ’ ಎಂಬ ಲೇಸರ್‌ಗೆ ಮೂರು ಕವಲು: 20 ಟೆರಾವಾಟ್, 200 ಟೆರಾವಾಟ್, 1 ಪೆಟಾವಾಟ್ (ಒಂದು ಟೆರಾವಾಟ್ ಎಂದರೆ ಲಕ್ಷ ಕೋಟಿ ವಾಟ್, ಪೆಟಾವಾಟ್ ಅದರ ಸಾವಿರ ಪಟ್ಟು). ಪೆಟಾವಾಟ್ ಎಂದೊಡನೆ ಭಯಂಕರ ವಿದ್ಯುತ್ ಬೇಕೆಂದುಕೊಳ್ಳುವುದು ಬೇಡ. ಒಂದು ಮಿಡಿತದ ಶಕ್ತಿ 30 ಜೌಲ್, ಒಂದು ಲೀಟರ್ ನೀರನ್ನು ಮೂರು ಮೀಟರ್ ಎತ್ತಿದಷ್ಟು. ಅದನ್ನು 30 ಫೆಮ್ಟೊಸೆಕೆಂಡಿನೊಳಗೆ, ಅಂದರೆ ಸೆಕೆಂಡಿನ ಸುಮಾರು 33 ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ಸುರಿದಾಗ ಆ ಕ್ಷಣದ ಬಲ ಪೆಟಾವಾಟ್. ಇಂಥದು ಸೆಕೆಂಡಿಗೆ ಒಂದು.

ಇಷ್ಟು ಚಿಕ್ಕ ಮಿಡಿತವನ್ನು ನೇರ ವರ್ಧಿಸಿದರೆ ವರ್ಧಿಸುವ ಟೈಟಾನಿಯಂ-ನೀಲಮಣಿ ಹರಳೇ ಸುಟ್ಟುಹೋಗುತ್ತದೆ. ಅದಕ್ಕೇ ಮೊದಲು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಗೆರೆಫಲಕ, ಅಂದರೆ ಗ್ರೇಟಿಂಗ್‌ಗಳಿಂದ ಬಣ್ಣಗಳನ್ನು ಹಿಂದುಮುಂದಾಗಿಸಿ ಮಿಡಿತವನ್ನು ಸಾವಿರಾರು ಪಟ್ಟು ಉದ್ದಕ್ಕೆ ಎಳೆಯುತ್ತಾರೆ, ಬಲ ತಗ್ಗಿದ ಮೇಲೆ ವರ್ಧಿಸುತ್ತಾರೆ, ಕೊನೆಗೆ ಮತ್ತೆ ಗ್ರೇಟಿಂಗ್‌ಗಳಲ್ಲಿ ಒತ್ತಿ ಚಿಕ್ಕದಾಗಿಸುತ್ತಾರೆ. ಈ ಕೊನೆಯ ಹೆಜ್ಜೆ ನಿರ್ವಾತದಲ್ಲೇ ಆಗಬೇಕು, ಗಾಳಿಯಲ್ಲಿ ಕಿರಣ ತನ್ನನ್ನೇ ಕೆಡಿಸಿಕೊಳ್ಳುತ್ತದೆ. ಈ ಉಪಾಯ ಕಂಡುಹಿಡಿದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೊ ಅವರಿಗೆ 2018ರ ನೊಬೆಲ್ ಬಂತು. ಕನ್ನಡಿಯ ಮೇಲೆ ಒಂದು ಧೂಳಿನ ಕಣ ಕೂತರೆ ಅದೇ ಸುಡುವ ಚುಕ್ಕೆಯಾಗುತ್ತದೆ. ಕೋಣೆಯ ಉಷ್ಣಾಂಶ ಸ್ವಲ್ಪ ಬದಲಾದರೂ ಕಿರಣ ಗುರಿ ತಪ್ಪುತ್ತದೆ. ಸ್ವಚ್ಛಕೋಣೆಯ ಟೋಪಿ, ಗವಸು, ಷೂ ಕವಚಗಳ ಶಿಸ್ತೆಲ್ಲ ಅದಕ್ಕಾಗಿ. ಗುರಿಗೆ ಬಡಿದಾಗ ಎಕ್ಸ್‌ಕಿರಣ, ವೇಗದ ಎಲೆಕ್ಟ್ರಾನ್, ಪ್ರೋಟಾನ್ ಹೊಮ್ಮುವುದರಿಂದ ಆ ಕೋಣೆ ದಪ್ಪ ಕಾಂಕ್ರೀಟಿನದು, ಕೆಲಸ ನಡೆಯುವಾಗ ಒಳಗೆ ಯಾರೂ ಇರುವಂತಿಲ್ಲ. ಹೊರಗಿನ ಸಂಶೋಧಕರಿಗೂ ಇಲ್ಲಿ ಸಮಯ ಸಿಗುತ್ತದೆ, ಕರೆ ಹೊರಟಾಗ ಪ್ರಸ್ತಾವ ಕಳಿಸಬೇಕು.

ಅದೇ ಹಳ್ಳಿಯಲ್ಲಿ ಸ್ಪೇನ್-ಪೋರ್ಚುಗಲ್ ಕೃಷಿ ಸಂಶೋಧನಾ ಸಂಸ್ಥೆ ‘ಸಿಯಾಲೆ’ ಇದೆ. ಮಲೆನಾಡಿನ ಬೆಳೆಗಾರರು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಮೆಣಸಿನ ಬುಡಕ್ಕೆ ಹಾಕುವ ಟ್ರೈಕೋಡರ್ಮಾ ಶಿಲೀಂಧ್ರ ಇಲ್ಲಿನ ದೊಡ್ಡ ಅಧ್ಯಯನ ವಿಷಯ. ಅದು ರೋಗದ ಶಿಲೀಂಧ್ರದ ಎಳೆಗೆ ಸುತ್ತಿಕೊಂಡು, ಕಿಣ್ವಗಳಿಂದ ಅದರ ಕೋಶಭಿತ್ತಿಯ ಕೈಟಿನ್, ಗ್ಲೂಕನ್‌ಗಳನ್ನು ಕರಗಿಸುತ್ತದೆ. ಗಿಡದ ಸ್ವಂತ ರಕ್ಷಣೆಯನ್ನೂ ಎಚ್ಚರಿಸುತ್ತದೆ. ಅಲ್ಲಾಗಲಿ ಇಲ್ಲಾಗಲಿ ಸೋಲುವ ಕಾರಣಗಳು ಅವೇ: ಒಣ ಮಣ್ಣು, ಬೀಜಕಗಳು ಸತ್ತ ಹಳೇ ಪ್ಯಾಕೆಟ್, ರಾಸಾಯನಿಕ ಶಿಲೀಂಧ್ರನಾಶಕದ ಜೊತೆಗೇ ಹಾಕುವುದು.

ಆರನೇ ದಿನ: ಬೇಹಾರ್ ಅಥವಾ ಆವಿಲಾ

ಬೇಹಾರ್ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್, ಸಮೋರಾ ಉತ್ತರಕ್ಕೆ 65. ಎರಡಕ್ಕೂ ಬಸ್ಸೇ ಗತಿ, ಸುಮಾರು ಒಂದು ಗಂಟೆ. ಇವೆರಡನ್ನೂ ಜೋಡಿಸುತ್ತಿದ್ದ ಹಳೇ ರೈಲುಮಾರ್ಗದಲ್ಲಿ ಪ್ರಯಾಣಿಕ ಸಂಚಾರ 1985ರಲ್ಲೇ ನಿಂತಿತು. ಸಮೋರಾದ ಶಾಲೆ ವಿರಿಯಾತೊ ಎಂಬ ಹಳೇ ಸೇನಾ ಬ್ಯಾರಕ್ಕಿನಲ್ಲಿದೆ. ಬೇಹಾರ್ ಎಂಜಿನಿಯರಿಂಗ್ ಶಾಲೆಯ ಮೂಲ 1852ರ ಕೈಗಾರಿಕಾ ಶಾಲೆ. ಉಣ್ಣೆ ಬಟ್ಟೆಯ ಊರಿಗೆ ಯಂತ್ರ ಬಲ್ಲವರು ಬೇಕಾಗಿದ್ದರು. ಗ್ರಾನೈಟ್ ಬೆಟ್ಟದಿಂದ ಇಳಿಯುವ ನದಿಯ ನೀರು ಮೆದು. ಸುಣ್ಣದ ಅಂಶವಿರುವ ಗಡಸು ನೀರಿನಲ್ಲಿ ಉಣ್ಣೆ ತೊಳೆದರೆ ಸಾಬೂನು ಜಿಗುಟಾಗಿ ಎಳೆಗೆ ಅಂಟಿ, ಬಣ್ಣ ಸಮವಾಗಿ ಹಿಡಿಯುವುದಿಲ್ಲ. ನದಿ ದಡದ ಹಳೇ ಗಿರಣಿಗಳ ಸಾಲನ್ನು ನೋಡಿದರೆ ಶಾಲೆ ಇಲ್ಲೇ ಯಾಕೆ ಎಂಬುದು ತಿಳಿಯುತ್ತದೆ.

ಮ್ಯಾಡ್ರಿಡ್‌ಗೆ ಅಂದೇ ಮರಳಬೇಕಾದವರಿಗೆ ಆವಿಲಾ ಅನುಕೂಲ. ವೇಗದ ರೈಲಲ್ಲ, ಪ್ರಾದೇಶಿಕ ರೈಲು ಹಿಡಿಯಿರಿ, ಒಂದು ಗಂಟೆಯ ಆಸುಪಾಸಿನಲ್ಲಿ ಆವಿಲಾ. ಅಲ್ಲಿನ ಪಾಲಿಟೆಕ್ನಿಕ್ ಶಾಲೆ ಭೂಮಾಪನ, ಜಿಯೋಮ್ಯಾಟಿಕ್ಸ್‌ಗೆ ಹೆಸರಾದದ್ದು. ಎರಡೂವರೆ ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಕಾಲ್ನಡಿಗೆ ದೂರದಲ್ಲೇ ಇರುವಾಗ ಅಳೆಯುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಊರು ಬೇಕಿಲ್ಲ. ಫೋಟೊಗಳಿಂದ ಗೋಡೆಯ ಮೂರು ಆಯಾಮದ ಮಾದರಿ ಮಾಡಬೇಕಾದರೆ ಪ್ರತಿ ಚಿತ್ರ ಹಿಂದಿನದರ ಮೇಲೆ ನೂರಕ್ಕೆ 70-80ರಷ್ಟು ಹಾಯ್ದಿರಬೇಕು. ಅಳತೆ ಗೊತ್ತಿರುವ ಗುರುತುಗಳು ಗೋಡೆಯ ಉದ್ದಕ್ಕೂ ಇರಬೇಕು, ಇಲ್ಲದಿದ್ದರೆ ಮಾದರಿ ಬಾಳೆಹಣ್ಣಿನಂತೆ ಬಾಗುತ್ತದೆ. ನೆರಳು ಸರಿಯುವ ಬಿಸಿಲಿಗಿಂತ ಮೋಡದ ದಿನ ಮೇಲು. ಸಂಜೆಯ ರೈಲಿಗೆ ಮೊದಲು ಹೊತ್ತು ಉಳಿದರೆ ಪೂರ್ವ ದಿಕ್ಕಿನ ಗೋಡೆಯ ಬುಡಕ್ಕೆ ಹೋಗಿ ಕಲ್ಲನ್ನು ಮುಟ್ಟಿ ನೋಡಿ. ಇಲ್ಲಿ ಬುಡದಿಂದ ತುದಿಯವರೆಗೆ ಬಹುಪಾಲು ಗ್ರಾನೈಟ್.